ಅಮಾವಾಸ್ಯೆಯಂದು ಎಳೆ ಕೆಚ್ಚಿದವಳು

ಬನಶಂಕ್ರವ್ವನನ್ನು ನಾನು ಮೊದಲ ಸಲ ನೋಡಿದ್ದು ನಮ್ಮವರನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ. ಲಕ್ಷ್ಮೇಶ್ವರ ಬಿಟ್ಟು ಬೆಟಗೇರಿಗೆ ಬಂದು ನಮಗೆ ಇನ್ನೂ ವರ್ಷ ತುಂಬಿರಲಿಲ್ಲ. ಹೆಣ್ಣುಮಕ್ಕಳು ಗೋಡೆಗುಂಟ ಕುಳಿತಿದ್ದರು. ಮಗ್ಗದ ಮೇಲೆ ನಮ್ಮವರು ನೇಯುತ್ತಿದ್ದ ಸೀರೆ ಅರ್ಧಕ್ಕೆ ನಿಂತಿತ್ತು. ಯಾರೋ ಅದರ ಮೇಲೆ ಧೋತರ ಹೊದಿಸಿದ್ದರು. ಆಗ ತೆಳ್ಳನೆಯ ಒಬ್ಬ ಹೆಂಗಸು ಒಳಗೆ ಬಂದಳು. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ. ಅಳುವವರ ನಡುವೆ ಆಕೆ ಕೂರಲಿಲ್ಲ. ನೇರ ಮಗ್ಗದ ಹತ್ತಿರ ಹೋಗಿ ಧೋತರ ಸರಿಸಿ, ಎಳೆಗಳ ಮೇಲೆ ಅಂಗೈ ಆಡಿಸಿ, ಹಿಂದೆ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡಿದಳು.

"ಹಾಸು ಮುಗಿಯಾಕ ಬಂದೈತಿ. ಈ ಸೀರಿ ಇಳದ ಮ್ಯಾಲ ಹೊಸಾದು ಯಾರು ಕೆಚ್ಚತಾರ?" ಎಂದು ನನ್ನನ್ನು ಕೇಳಿದಳು.

ಮೊದಲಿನಿಂದ ಇದೇ ಊರಿನಲ್ಲಿದ್ದ ನನ್ನ ನಾದಿನಿಗೆ ಸಿಟ್ಟು ಬಂತು. "ಏ ಶಂಕ್ರವ್ವಾ, ಸತ್ತ ಮನಿಯಾಗ ಮಾತಾಡು ರೀತಿ ಏನ ಇದು? ನಮ್ಮಣ್ಣ ಇನ್ನೂ ಇಲ್ಲೇ ಅಡ್ಡಾಡಾಕತ್ತಾನ. ದಿನಾ ಮುಗಿಯೂತನಾ ಜೀವ ಮನಿ ಬಿಟ್ಟ ಹೋಗೂದಿಲ್ಲ."

"ಎಲ್ಲಿ ಅಡ್ಡಾಡಾಕತ್ತಾನ, ತೋರಸು." ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯೊಳಗೆ ಆಕೆ ಇಣುಕಿದಳು. "ಇಲ್ಲಂತೂ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು. "ನೋಡವಾ, ಅವ ಎಲ್ಲೂ ಇಲ್ಲ. ಮ್ಯಾಲೂ ಇಲ್ಲ, ಇಲ್ಲೂ ಇಲ್ಲ. ಯಾರೂ ನಿನ್ನ ನೋಡಾಕತ್ತಿಲ್ಲ. ಅಳೂದಿದ್ರ ನಿನಗ ಬೇಕಂತ ಅಳು, ಇವರು ಕುಂತಾರಂತ ಅಳಬ್ಯಾಡ."

ಕೈಗೆ ಸಿಕ್ಕ ತಂಬಿಗೆಯನ್ನು ಎತ್ತಿ ಆಕೆಯತ್ತ ಎಸೆದೆ. ಭುಜಕ್ಕೆ ಬಡಿಯಿತು. ಆಕೆ ಉರುಳಿದ ತಂಬಿಗೆಯನ್ನು ಎತ್ತಿ ನೆಟ್ಟಗೆ ಇಟ್ಟು, ಧೋತರವನ್ನು ಮೊದಲಿದ್ದ ಹಾಗೆ ಹೊದಿಸಿ ಹೋದಳು.

ಕೆಚ್ಚುವುದು ಅಂದರೆ ಏನು ಎಂದು ಮಗ್ಗ ನೋಡದವರಿಗೆ ಹೇಳಬೇಕು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಅನ್ನುತ್ತೇವೆ. ಒಂದು ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಕೂಡಿಸುತ್ತಾರೆ. ಎಳೆ ಸಾವಿರಗಟ್ಟಲೆ ಇರುತ್ತವೆ. ಗಂಟು ಹಾಕುವ ಹಾಗಿಲ್ಲ, ಗಂಟು ಬಾಚಣಿಗೆಯ ಹಲ್ಲಿನಂಥ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಬ್ಬೆರಳು ತೋರುಬೆರಳುಗಳಿಗೆ ಬೂದಿ ಹಚ್ಚಿಕೊಂಡು ಹೊಸೆಯಬೇಕು. ಎಲ್ಲ ಕೂಡಿಸಿದ ಮೇಲೆ ಹಳೆಯದನ್ನು ಹಿಡಿದು ಮೆಲ್ಲಗೆ ಎಳೆದರೆ ಹೊಸದು ಅದರ ಹಿಂದೆ ತಾನಾಗಿ ಬರುತ್ತದೆ. ಹೀಗೆ ಮಾಡುವುದರಿಂದ ನಮ್ಮ ಓಣಿಯ ಮಗ್ಗಗಳು ಅಜ್ಜ ಮುತ್ತಜ್ಜರ ಕಾಲದಿಂದ ಒಂದು ದಿನವೂ ಬರಿದಾಗಿಲ್ಲ ಎಂದು ಹೇಳುತ್ತಿದ್ದರು. ಬರಿದಾದ ಮಗ್ಗ ಬಂಜೆ ಎಂಬ ಮಾತಿತ್ತು.

ನಮ್ಮವರು ತಾವೇ ಕೆಚ್ಚಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಬಂಧುಗಳೂ ತಮ್ಮ ತಮ್ಮ ಮನೆಗೆ ಹೋದರು, ನಾನೇ ಕುಣಿಗೆ ಇಳಿದೆ. ಆ ಸೀರೆ ಹೇಗೋ ಮುಗಿಸಿದೆ. ಹಾಸು ತೀರಿತು. ಕೆಚ್ಚಲು ನನಗೆ ಬರುತ್ತಿರಲಿಲ್ಲ. ಓಣಿಯಲ್ಲಿ ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳಿದರು. ಕರೆದೆ. ಆಕೆ ಬಂದಳು. ತಂಬಿಗೆಯ ಮಾತು ಎತ್ತಲಿಲ್ಲ. ಎಳೆಗಳ ಹಿಂದೆ ಕುಳಿತಳು, ಬೂದಿಯ ಡಬ್ಬಿ ತೆರೆದಳು. ಸಂಜೆಯವರೆಗೆ ಕೆಚ್ಚಿದಳು. ನಾನು ಪಕ್ಕದಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಆ ಬೆರಳುಗಳನ್ನೇ ನೋಡುತ್ತಿದ್ದೆ.

ಕೆಲಸ ಮುಗಿದ ಮೇಲೆ ಆಕೆ ಕೂಡಿಸಿದ ಭಾಗವನ್ನು ಮುಂದಕ್ಕೆ ಎಳೆದು ತೋರಿಸಿದಳು. ಗೇಣುದ್ದ ಜಾಗ, ಬೂದಿಯ ಬಣ್ಣ.

"ಇಲ್ಲಿಂದ ನೇಯಬ್ಯಾಡ. ಇದರ ಆಚಿಂದ ಹಿಡಿ. ಇಷ್ಟನ್ನ ಸೀರಿ ಇಳಿಸಿದಾಗ ಕತ್ತರಿಸಿ ಒಗಿ."

"ಅಂದ್ರ ನೀ ದಿನಾ ಕುಂತ ಮಾಡಿದ್ದು ಒಗ್ಯಾಕೇನ?"

"ಮತ್ತ? ನಾ ಕೆಚ್ಚಿದ್ದು ಯಾರ ಮೈ ಮ್ಯಾಲೂ ಹೋಗೂದಿಲ್ಲ."

"ಬ್ಯಾಸರಾಗೂದಿಲ್ಲೇನಕ್ಕಾ?"

ಆಕೆ ಬೆರಳು ಒರೆಸಿಕೊಂಡಳು. "ಕೆಚ್ಚಿದ್ದು ಕೆಚ್ಚಿದ್ದ. ಕತ್ತರಿಸಿ ಒಗದ್ರೂ ಕೆಚ್ಚಲಿಲ್ಲ ಅಂತ ಆಗೂದಿಲ್ಲ. ಅದನ್ನ ಯಾರ ಬಂದ್ರೂ ಸುಳ್ಳ ಮಾಡಾಕ ಬರೂದಿಲ್ಲ."

ಆ ದಿನದಿಂದ ಹೋಗುವುದು ಬರುವುದು ಸುರುವಾಯಿತು. ನಾನು ಶಂಕ್ರಕ್ಕಾ ಅನ್ನುತ್ತಿದ್ದೆ, ಆಕೆ ನನ್ನನ್ನು ಭುವನಾ ಅನ್ನುತ್ತಿದ್ದಳು.

ಆಕೆಯ ಹೆಸರು ನಮ್ಮ ಓಣಿಯ ದೇವಿಯದೇ. ಆಕೆಗಿಂತ ಮೊದಲು ಹುಟ್ಟಿದ ಕೂಸುಗಳೆಲ್ಲ ತೊಟ್ಟಿಲಲ್ಲೇ ಸತ್ತಿದ್ದವು. ಈ ಕೂಸು ಉಳಿದರೆ ನಿನ್ನ ಹೆಸರನ್ನೇ ಇಡುತ್ತೇನೆ ಎಂದು ಅವ್ವ ಹರಕೆ ಹೊತ್ತಿದ್ದಳು. ಉಳಿಯಿತು. ಸಣ್ಣವಳಿದ್ದಾಗಿನಿಂದ ದೇವಿ ಉಳಿಸಿದ ಕೂಸು, ದೇವಿ ಉಳಿಸಿದ ಕೂಸು ಎಂದು ಕೇಳಿ ಕೇಳಿ ಒಂದು ದಿನ ಗುಡಿಯ ಮುಂದೆಯೇ, "ನನ್ನ ಉಳಿಸಿದಾಕಿ ಅವರ್ನ ಯಾಕ ಉಳಿಸಲಿಲ್ಲ? ಅವರಿಗೂ ನೀನ ಬೇಡಿದ್ದೆಲ್ಲ?" ಎಂದು ಅವ್ವನನ್ನು ಕೇಳಿದಳಂತೆ. ಅವ್ವ ಅಲ್ಲಿಯೇ ಕಪಾಳಕ್ಕೆ ಹೊಡೆದಳು. "ಉತ್ತರ ಗೊತ್ತಿದ್ರ ಹೇಳತಿದ್ಲು. ಗೊತ್ತಿರಲಿಲ್ಲ, ಬಡದ್ಲು," ಎಂದು ಶಂಕ್ರಕ್ಕ ನನಗೆ ಹೇಳಿದಳು. ಅದನ್ನು ಹೇಳುವಾಗ ಅವ್ವನ ಮೇಲೆ ಸಿಟ್ಟಿರಲಿಲ್ಲ.

ಶಿರಹಟ್ಟಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದ. ಈಕೆ ತವರಿಗೆ ಬಂದು, ಗಂಡ ಬದುಕಿರುವಾಗಲೇ ಬಳೆ ತೆಗೆದಿಟ್ಟು ಕುಂಕುಮ ಅಳಿಸಿಕೊಂಡಳು. ಓಣಿಯ ಹೆಂಗಸರು ಬಾಯಿ ಬಡಿದುಕೊಂಡರು. "ಅಲ್ಲಿ ಒಬ್ಬಾಕಿ ಹಚ್ಕೊಂಡಾಳಲ್ಲ, ಒಬ್ಬ ಗಂಡಗ ಎಷ್ಟ ಕುಂಕಮಾ ಬೇಕು?" ಎಂದಳಂತೆ. ಅಪ್ಪನಿಂದ ಕೆಚ್ಚುವುದನ್ನು ಕಲಿತಿದ್ದಳು. ಅಪ್ಪ ಸತ್ತ ಮೇಲೆ ಮನೆ ಮಾರಿ ತಮ್ಮ ಹುಲಕೋಟಿಗೆ ಹೋದ, ಹಿತ್ತಲಿನ ಒಂದು ಕೋಣೆ ಆಕೆಗೆ ಉಳಿಯಿತು. ಅಲ್ಲಿ ಒಂದು ಚಾಪೆ, ಒಂದು ಒಲೆ. ಗೋಡೆಯ ಗೂಡಿನಲ್ಲಿ ದೇವರಿರಬೇಕಾದ ಜಾಗದಲ್ಲಿ ಬೂದಿಯ ಡಬ್ಬಿ.

"ದೇವರಿಗೆ ಅಂಜೂದಿಲ್ಲೇನ ಬೇ ನೀನು?" ಎಂದು ಯಾರಾದರೂ ಕೇಳಿದರೆ, "ನಾ ಹಲ್ಲಿಗೂ ಅಂಜತೀನಿ. ಅದು ಕಣ್ಣಿಗೆ ಕಾಣತೈತಿ," ಅನ್ನುತ್ತಿದ್ದಳು.

ನಾನು ದಿನಾ ದೀಪ ಹಚ್ಚುವವಳು, ಈಗಲೂ ಹಚ್ಚುತ್ತೇನೆ. ನಾನೂ ಒಂದು ಸಲ ಕೇಳಿದೆ. "ಯಾರೂ ಇಲ್ಲ, ದೇವರೂ ಇಲ್ಲ ಅಂದ್ರ ಆ ಕ್ವಾಣ್ಯಾಗ ಹೆಂಗ ಇರ್ತಿ ಅಕ್ಕಾ? ನನಗಾದ್ರ ಹುಚ್ಚ ಹಿಡೀತೈತಿ."

"ಹಿಡದಂಗ ಆಗತೈತಿ. ಹಸಿವಾಗೂದಿಲ್ಲೇನ, ಹಂಗ ಅದೂನೂ. ಹಸಿವಾತಂತ ಮಣ್ಣ ತಿಂತಾರೇನ?"

ಬೆಳಿಗ್ಗೆ ಯಾರಾದರೂ ಬಾಗಿಲಿಗೆ ಬಂದು "ಶಂಕ್ರವ್ವಾ, ಹಾಸ ಬಂದೈತಿ" ಎಂದು ಕೂಗಿದರೆ ಮಾತ್ರ ಆಕೆಯ ಮುಖ ಬೇರೆಯಾಗುತ್ತಿತ್ತು. ಡಬ್ಬಿ ತೆಗೆದುಕೊಂಡು, ಚಹಾ ಅರ್ಧಕ್ಕೇ ಬಿಟ್ಟು ಹೊರಡುತ್ತಿದ್ದಳು. ಆಕೆಗೆ ಇದ್ದದ್ದು ಅದೊಂದೇ. ಅದು ಓಣಿಗೂ ಗೊತ್ತಿತ್ತು. ಮುಂದೆ ಓಣಿ ಕೈ ಹಾಕಿದ್ದೂ ಅದಕ್ಕೇ.

ನನ್ನ ಎದುರು ಮನೆ ಗೋವಿಂದಪ್ಪನದು. ಒಳ್ಳೆಯ ನೇಕಾರ. ಎರಡು ಹೆಣ್ಣುಮಕ್ಕಳು. ದೊಡ್ಡವಳು ಪ್ರಿಯಾ, ಗದಗಿನ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಲಗ್ನ ಗೊತ್ತಾಯಿತು. ಮಗಳ ಧಾರೆ ಸೀರೆಯನ್ನು ತಾನೇ ನೇಯಬೇಕು ಎಂದು ಗೋವಿಂದಪ್ಪನ ಹಟ. ನೂಲಿಗೆ ಬಣ್ಣ ಹಾಕಿಸಿಕೊಂಡು ಬರುವುದರಲ್ಲಿ ತಡವಾಯಿತು. ಹೊಸ ಹಾಸು ಕೈಗೆ ಬಂದ ಮರುದಿನವೇ ಅಮಾವಾಸ್ಯೆ.

ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಲಾಳಿಯನ್ನು ಕೂಡ ಮಲಗಿಸುತ್ತೇವೆ. ಗೋವಿಂದಪ್ಪ ಮುಂಜಾನೆ ಶಂಕ್ರಕ್ಕನ ಬಾಗಿಲಿಗೆ ಬಂದ. ನಾನು ಅಲ್ಲಿಯೇ ಇದ್ದೆ.

"ಯಕ್ಕಾ, ಇವತ್ತ ನಿಂತ್ರ ಸೀರಿ ಮುಗಿಯೂದಿಲ್ಲ. ನಾ ಮುಟ್ಟಾಕ ಬರೂದಿಲ್ಲ. ನೀ ಹೆಂಗೂ ನಂಬೂದಿಲ್ಲಲ್ಲ, ನೀ ಬಂದ ಕೆಚ್ಚು. ದೋಷ ಬಂದ್ರ ನಿನ್ನ ಮನಿಗೇ ಬರ್ಲಿ." ನಗುತ್ತಲೇ ಹೇಳಿದ.

"ಬರ್ಲಿ ಬಿಡೋ. ನಮ್ಮನಿಗೆ ಯಾರೂ ಬರೂದಿಲ್ಲ, ದೋಷರ ಬರ್ಲಿ. ಚಾ ಮಾಡಿ ಕೊಡತೀನಿ," ಎಂದು ಆಕೆಯೂ ನಕ್ಕಳು.

ಆ ದಿನ ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಆಕೆ ಒಬ್ಬಳೇ ಕುಳಿತು ಕೆಚ್ಚಿದಳು. ಪ್ರಿಯಾ ರಜೆ ಹಾಕಿ ಪಕ್ಕದಲ್ಲಿ ಕುಳಿತು ಎಳೆ ಬಿಡಿಸಿ ಬಿಡಿಸಿ ಕೊಡುತ್ತಿದ್ದಳು.

"ಅಜ್ಜಿ, ನನ್ನ ಲಗ್ನಕ್ಕ ಬರ್ಬೇಕ ನೋಡು. ಅಕ್ಕಿಕಾಳ ಹಾಕೂದ ಬ್ಯಾಡ, ಊಟಕ್ಕ ಬಾ."

"ಊಟದ ದೇವರಿಗೆ ನಾನೂ ನಡ್ಕೋತೀನಿ. ಏನ ಮಾಡಸ್ತಾನ ನಿಮ್ಮಪ್ಪ?"

"ಹೋಳಗಿ."

"ಹಂಗಾರ ಎರಡ ಸಲ ಬರ್ತೀನಿ."

ಸೀರೆ ಸೆರಗಿನವರೆಗೆ ಬಂದಾಗ ಪ್ರಿಯಾಗೆ ಜ್ವರ ಬಂತು. ಆಗ ಊರಿನಲ್ಲೆಲ್ಲ ಸೊಳ್ಳೆಯ ಜ್ವರವಿತ್ತು. ಶಂಕ್ರಕ್ಕ ಹೋಗಿ ನೋಡಿ, "ಗೋವಿಂದಾ, ರಕ್ತ ತಪಾಸ ಮಾಡಸು. ಇವತ್ತ ಒಯ್ಯಿ," ಎಂದಳು. ಹೂಂ ಎಂದ. ಒಯ್ದದ್ದು ದವಾಖಾನೆಗೆ ಅಲ್ಲ, ಹಳ್ಳಿಯಲ್ಲಿ ತಾಯಿತ ಕಟ್ಟುವ ಒಬ್ಬನ ಹತ್ತಿರ. ಅವನು ದೃಷ್ಟಿಯಾಗಿದೆ ಎಂದ, ಬೇವಿನ ಸೊಪ್ಪು ಬಡಿದ, ಅನ್ನ ನೀರು ಬೇಡ ಎಂದ. ಅಲ್ಲಿಯೇ ಇಟ್ಟುಕೊಂಡರು. ವಸಡಿನಲ್ಲಿ ರಕ್ತ ಬಂದ ಮೇಲೆ ಎಬ್ಬಿಸಿಕೊಂಡು ಗದಗಿನ ದವಾಖಾನೆಗೆ ತಂದರು. ಡಾಕ್ಟರು ಬೈದರು. ಅವಳು ಮರುದಿನ ಸತ್ತಳು.

ಹೆಣ ಇನ್ನೂ ಅಂಗಳದಲ್ಲಿರುವಾಗ ಗೋವಿಂದಪ್ಪ ಒಳಗೆ ಹೋಗಿ ಕತ್ತರಿ ಹಿಡಿದ. ಸೀರೆಯನ್ನಷ್ಟೇ ಕತ್ತರಿಸಲಿಲ್ಲ. ಮಗ್ಗದ ಮುಂದೆ ಕತ್ತರಿಸಿದ, ಹಿಂದೆ ಕತ್ತರಿಸಿದ, ಹಣಿಗೆಯೊಳಗಿನ ಎಳೆಗಳನ್ನು ಕೈಯಿಂದ ಕಿತ್ತ. ಆ ಮಗ್ಗ ಮೊದಲ ಸಲ ಬರಿದಾಯಿತು. ಎಳೆಯ ಗಂಟನ್ನೆಲ್ಲ ಎದೆಗೆ ಅವಚಿಕೊಂಡು ಓಣಿ ದಾಟಿ ಶಂಕ್ರಕ್ಕನ ಹೊಸ್ತಿಲ ಮೇಲೆ ಒಗೆದ.

"ಅಮಾಸಿ ದಿನಾ ಕೆಚ್ಚಿ ನನ್ನ ಮಗಳ್ನ ತಿಂದ್ಯಲ್ಲಲೇ ಮಾರೀ! ತಗೋ, ಇದನ್ನೂ ತಿನ್ನು!"

ಓಣಿಯೆಲ್ಲ ನಿಂತು ನೋಡಿತು. ಕರೆದವನು ಅವನೇ ಎಂದು ಯಾರೂ ಹೇಳಲಿಲ್ಲ.

ಓಣಿಯ ಮನೆಗಳಿಗೆಲ್ಲ ನೂಲು ಹಾಸು ಕೊಟ್ಟು ಸೀರೆ ಒಯ್ಯುವವನು ಫಕ್ಕೀರಪ್ಪ. ಅವನು ಒಂದು ಮಾತು ಹೇಳಿ ಕಳಿಸಿದ: ಬನಶಂಕ್ರವ್ವನನ್ನು ಕರೆದ ಮನೆಗೆ ತನ್ನ ಹಾಸು ಇಲ್ಲ. ಅಲ್ಲಿಗೆ ಮುಗಿಯಿತು. ಬಾಗಿಲಿಗೆ ಬಂದು ಕೂಗುವವರು ನಿಂತರು. ನನಗೂ ಹಾಸು ಕೊಡುವವನು ಫಕ್ಕೀರಪ್ಪನೇ, ನಾನೂ ಕರೆಯಲಿಲ್ಲ. ಅಡರಕಟ್ಟಿಯಿಂದ ಒಬ್ಬನನ್ನು ಕರೆಸಿದರು. ಅವನು ಕೆಚ್ಚಿದ ಎಳೆಗಳು ದಿನಾ ಹರಿಯುತ್ತಿದ್ದವು. ಹರಿದರೂ ಎಲ್ಲರೂ ಸುಮ್ಮನಿದ್ದರು.

ಒಂದು ದಿನ ರೊಟ್ಟಿ ಪಲ್ಯ ಒಯ್ದಾಗ ನೋಡಿದೆ. ಶಂಕ್ರಕ್ಕ ಹೊಸ್ತಿಲ ಮೇಲೆ ಬಿದ್ದಿದ್ದ ಆ ಎಳೆಗಳನ್ನು ಬಿಡಿಸಿ, ಎರಡು ಕೋಲುಗಳ ನಡುವೆ ಕಟ್ಟಿ, ಕತ್ತರಿಸಿದ ಕಡೆಯಲ್ಲಿ ಮತ್ತೆ ಒಂದೊಂದಾಗಿ ಕೂಡಿಸುತ್ತಿದ್ದಳು. ಧಾರೆ ಸೀರೆಯ ಹಸಿರು ಎಳೆಗಳು. ಎಲ್ಲ ಕೂಡಿಸಿದ ಮೇಲೆ ತಾನೇ ಕತ್ತರಿಸಿ, ಮರುದಿನ ಮತ್ತೆ ಸುರು.

"ಏನ ಮಾಡತಿ ಅಕ್ಕಾ ಇದನ್ನ?"

"ಕೆಚ್ಚತೀನಿ."

"ಯಾರಿಗೆ?"

"ಯಾರಿಗೂ ಇಲ್ಲ. ಮೊದಲೂ ಯಾರಿಗೂ ಇರಲಿಲ್ಲಲ್ಲ. ಮಂದಿ ಕರೀತಿದ್ರು, ಅದಕ್ಕ ಅವರಿಗೆ ಮಾಡತೀನಿ ಅಂತ ತಿಳದಿದ್ದೆ." ಇನ್ನೊಂದು ಎಳೆ ಹೊಸೆದು, "ಖರೆ ಹೇಳ್ತೀನಿ ಭುವನಾ, ಕರೀತಿದ್ರ ಚೊಲೋ ಇತ್ತು," ಎಂದಳು. ಆಕೆ ತನ್ನ ದುಃಖವನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕಿಟಕಿಯಿಂದ ಇಣುಕಿದವರು ಇದನ್ನು ಬೇರೆ ರೀತಿ ಹೇಳಿದರು. ಸತ್ತ ಹುಡುಗಿಯ ಸೀರೆಯ ಎಳೆಗೆ ಬೂದಿ ಹಚ್ಚಿ ಮಾಟ ಮಾಡುತ್ತಿದ್ದಾಳೆ ಎಂದರು. ನಳದ ಹತ್ತಿರ ಆಕೆಯ ಕೊಡ ಒದ್ದರು. ಬಾಗಿಲಿಗೆ ಸೆಗಣಿ ನೀರು ಹೊಡೆದರು. ಆಕೆ ಬಾಗಿಲು ತೊಳೆದು ಒಳಗೆ ಹೋಗಿ ಮತ್ತೆ ಕುಳಿತಳು.

ದಸರೆ ಬಂತು. ಗೋವಿಂದಪ್ಪನ ಮಗ್ಗ ಇನ್ನೂ ಬರಿದೇ ಇತ್ತು. ಬರಿದಾದ ಮಗ್ಗಕ್ಕೆ ಎಳೆ ತುಂಬುವುದು ಕೆಚ್ಚಿದ ಹಾಗಲ್ಲ. ಒಂದೊಂದು ಎಳೆಯನ್ನೂ ನೂಲಿನ ಕುಣಿಕೆಯಲ್ಲಿ, ಆಮೇಲೆ ಹಣಿಗೆಯ ಸಂದಿನಲ್ಲಿ ಹಾಯಿಸಬೇಕು. ಒಂದು ತಪ್ಪಿದರೆ ಎಲ್ಲ ತಪ್ಪು. ಅಡರಕಟ್ಟಿಯವನು ನೋಡಿ ತನ್ನ ಕೈಲಾಗದು ಎಂದ. ಹೊಟ್ಟೆಗೆ ಬೇಕಲ್ಲ. ಫಕ್ಕೀರಪ್ಪ ನನ್ನನ್ನು ಕರೆಸಿದ.

"ಭುವನವ್ವಾ, ನಿನ್ನ ಮಾತ ಕೇಳ್ತಾಳ ಆಕಿ. ಹೋಗಿ ಹೇಳು. ಗುಡಿ ಮುಂದ ನಿಂತು, ಸೆರಗ ಒಡ್ಡಿ, 'ಅಮಾಸಿ ದಿನಾ ಮುಟ್ಟಿದ್ದು ತಪ್ಪಾತು ತಾಯಿ' ಅಂತ ಒಂದ ಸಲ ಅನ್ನಲಿ. ಅಷ್ಟ. ಗೋವಿಂದಪ್ಪನ ಮಗ್ಗಾ ತುಂಬಲಿ. ನಾಳಿಂದ ಎಲ್ಲಾರ ಬಾಗಲಾ ಆಕಿಗೆ ತಗೀತಾವ."

"ಅನ್ನಲಿಲ್ಲಂದ್ರ?"

"ಅನ್ನಲಿಲ್ಲಂದ್ರ ಹಂಗ ಕೊಳೀಲಿ."

ನಾನು ಖುಷಿಯಿಂದಲೇ ಹೋದೆ. ಹೇಳಿದೆ. ಆಕೆ ಕೈಯಲ್ಲಿದ್ದ ಎಳೆ ಬಿಟ್ಟು ಕುಳಿತಳು. ಎಲ್ಲಾರ ಬಾಗಲಾ ಎಂದಾಗ ಕಣ್ಣು ಮೇಲೆತ್ತಿ ನನ್ನನ್ನು ನೋಡಿದ್ದು ನೆನಪಿದೆ. ಬೇಕಾಗಿತ್ತು ಆಕೆಗೆ, ಬಹಳ ಬೇಕಾಗಿತ್ತು.

"ಅಂದ ಬಿಡಕ್ಕಾ," ಎಂದೆ. "ಕಲ್ಲಿಗೆ ಕಿವಿ ಇಲ್ಲ ಅಂತ ನೀನ ಅಂತಿ. ಕೇಳದಾಕಿಗೆ ಹೇಳಾಕ ನಿನಗೇನ ಭಾರ?"

"ಕಲ್ಲಿಗೆ ಕೇಳಸೂದಿಲ್ಲ. ಗೋವಿಂದಪ್ಪಗ ಕೇಳಸತೈತಿ."

"ಕೇಳಲಿ."

"ಮಗಳ ಅಮಾಸಿಯಿಂದ ಸತ್ಲು ಅಂತ ಅವ ಗಟ್ಟಿ ಮಾಡ್ಕೋತಾನ. ಶಂಕ್ರವ್ವನ ಒಪ್ಕೊಂಡ್ಲು ಅಂತಾನ. ನಾಳಿ ಆ ಸಣ್ಣಾಕಿಗೆ ಜ್ವರಾ ಬಂದ್ರ ಎಲ್ಲಿ ಒಯ್ತಾನ? ಮತ್ತ ಅಲ್ಲೇ, ತಾಯತಾ ಕಟ್ಟಾಂವನ ಕಡೆ."

ಆಕೆ ಎದ್ದು, ಮುಖ ತೊಳೆದು, ಸೆರಗು ಸರಿ ಮಾಡಿಕೊಂಡಳು. ಗುಡಿಗೆ ಹೊರಟಳು ಎಂದುಕೊಂಡೆ. ಗೋವಿಂದಪ್ಪನ ಮನೆಗೆ ಹೋದಳು. ನಾನು ಹಿಂದೆಯೇ ಹೋದೆ.

ಅವನು ಬಾಗಿಲಲ್ಲೇ ಇದ್ದ. ಒಳಗೆ ಬರಿ ಮಗ್ಗ ಕಾಣುತ್ತಿತ್ತು. ಸಣ್ಣ ಮಗಳು ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಶಂಕ್ರಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಗುಡಿ ಆತೇನ?" ಎಂದ.

"ಇಲ್ಲ. ನಿನ್ನ ಮಗ್ಗಾ ತುಂಬಿ ಕೊಡತೀನಿ, ಇವತ್ತ ಕುಂಡ್ರತೀನಿ. ಆ ಮಾತ ಮಾತ್ರ ಆಡೂದಿಲ್ಲ."

"ಯಾಕ? ನನ್ನ ಮಗಳ ಸತ್ತಿದ್ದು ಸಾಲದೇನ ನಿನಗ?"

"ನಿನ್ನ ಮಗಳು ಜ್ವರದಿಂದ ಸತ್ಲು, ಗೋವಿಂದಾ. ರಕ್ತ ತಪಾಸ ಮಾಡಸು ಅಂದೆ. ನೀ ಸೊಪ್ಪ ಬಡಸಾಕ ಒಯ್ದಿ. ನೀರ ಬೇಡಿದ್ಲಂತ, ಕೊಡಲಿಲ್ಲಂತ. ಅಮಾಸಿ ಕೊಂದಿಲ್ಲ, ದೇವಿ ಕೊಂದಿಲ್ಲ, ನಾನೂ ಕೊಂದಿಲ್ಲ. ದವಾಖಾನಿಗೆ ಒಯ್ದಿದ್ರ ಇರ್ತಿದ್ಲು. ಈಕಿನರ ಒಯ್ಯಿ."

ಹೀಗೆ ಒಬ್ಬ ತಂದೆಯ ಮುಖಕ್ಕೆ ಹೇಳಬಾರದು. ಹೇಳಿದಳು. ದನಿ ಏರಿಸಲೂ ಇಲ್ಲ. ಗೋವಿಂದಪ್ಪ ಒಂದು ಹೆಜ್ಜೆ ಹಿಂದೆ ಹೋದ. ಬಾಗಿಲನ್ನು ಎರಡೂ ಕೈಯಿಂದ ದೂಡಿ ಹಾಕಿದ.

ಹಳೆಯ ಸಾಗವಾನಿ ಬಾಗಿಲು. ಆಕೆಯ ಬಲಗೈ ಚೌಕಟ್ಟಿನ ಮೇಲಿತ್ತು. ಅವನು ಅದನ್ನು ನೋಡಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆಕೆ ಕೂಗಿದ ಮೇಲೂ ಬಾಗಿಲು ತೆರೆಯಲು ಹೊತ್ತಾಯಿತು. ಅಷ್ಟು ಮಾತ್ರ ನಾನು ಕಂಡದ್ದು.

ಓಣಿಯ ಬಾಯಿಯಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಮುಸ್ತಾಕ ಓಡಿ ಬಂದ. ನಾನು ನನ್ನ ಸೆರಗಿನಿಂದ ಕೈ ಸುತ್ತಿ ಹಿಡಿದುಕೊಂಡಿದ್ದೆ. ಆಟೋದಲ್ಲಿ ಆಕೆ ಹಲ್ಲು ಕಚ್ಚಿಕೊಂಡು, "ಎಲ್ಲಾರ ಬಾಗಲಾ ತಗೀತಾವ ಅಂದಿದ್ದೆಲ್ಲ ಭುವನಾ," ಎಂದಳು. ನಾನು ಅತ್ತೆ. ಮುಸ್ತಾಕ ಕನ್ನಡಿಯಲ್ಲಿ ನೋಡಿ, "ಅಜ್ಜಿ, ದೇವರ ಹೆಸರ ತಗೋ, ಉರಿ ಕಡಿಮಿ ಆಗತೈತಿ," ಎಂದ. ಆಕೆ, "ನೀ ಜಲ್ದಿ ಹೊಡಿಯೋ ತಮ್ಮಾ, ಅದರಿಂದ ಕಡಿಮಿ ಆಗತೈತಿ," ಎಂದಳು.

ದವಾಖಾನೆಯಲ್ಲಿ ಹೆಬ್ಬೆರಳು ತೋರುಬೆರಳುಗಳ ತುದಿ ತೆಗೆದರು. ಹೊಸೆಯುವ ಬೆರಳುಗಳು ಅವೇ.

ದೇವಿ ನೋಡಿಕೊಂಡಳು ಎಂದು ಓಣಿ ಹೇಳಿತು. ಅಮಾವಾಸ್ಯೆಗೆ ಮಗ್ಗ ಮುಟ್ಟಿದ ಕೈಯನ್ನೇ ತೆಗೆದಳು ಎಂದರು. ಹೆಂಗಸರು ಮಕ್ಕಳಿಗೆ ಆ ಬೆರಳುಗಳನ್ನು ತೋರಿಸಿ ಹೆದರಿಸುತ್ತಿದ್ದರು. ಶಂಕ್ರಕ್ಕನಿಗೆ ಇದು ತಲುಪಿದಾಗ, "ಇಷ್ಟು ಮಂದಿ ಇರೂ ಊರಾಗ ದೇವಿಗೆ ಬಾಗಲಾ ಹಾಕೂ ಕೆಲಸಾ ಯಾರ ಕೊಟ್ರು?" ಎಂದು ಕೇಳಿದಳು. ಆದರೆ ಆ ಮಾತಿನಲ್ಲಿ ಮೊದಲಿನ ಜೋರು ಇರಲಿಲ್ಲ.

ಗಾಯ ಮಾಯ್ದ ಮೇಲೆ ಎಡಗೈಯಲ್ಲಿ ಹೊಸೆಯಲು ನೋಡಿದಳು. ಎಳೆ ನಿಲ್ಲಲಿಲ್ಲ. ಮತ್ತೆ ನೋಡಿದಳು. ಒಂದು ಮಧ್ಯಾಹ್ನ ನಾನು ಹೋದಾಗ ಎರಡು ಕೋಲುಗಳೂ ಒಲೆಯಲ್ಲಿದ್ದವು, ಹಸಿರು ಎಳೆಗಳೂ ಅರ್ಧ ಸುಟ್ಟಿದ್ದವು. ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ರೊಟ್ಟಿ ಇಟ್ಟು ಬಂದೆ. ಮರುದಿನ ಹೋದರೆ ರೊಟ್ಟಿ ಹಾಗೇ ಇತ್ತು. ಬಹಳ ದಿನ ಹೀಗೇ ನಡೆಯಿತು. ಸಾಯಲು ಹೊರಟಿದ್ದಾಳೆ ಎಂದು ನನಗೆ ಅನ್ನಿಸಿತು. ಒಂದು ಸಲ ನಾನೇ ಸಿಟ್ಟಿಗೆದ್ದೆ.

"ಕೆಲಸ ಹೋತು, ಕೈ ಹೋತು. ದೇವರ್ನ ಮೊದಲ ಬಿಟ್ಟಿ. ಇನ್ನ ಯಾತಕ್ಕ ಜೀವಾ ಹಿಡಕೊಂಡಿ ಅಂತ ನನಗರ ಹೇಳು. ನಾನೂ ಗಂಡನ್ನ ಕಳಕೊಂಡಾಕಿ, ನನಗೂ ಬೇಕಾಗೇತಿ ಅದು."

ಆಕೆ ಗೋಡೆಯಿಂದ ಈಚೆ ತಿರುಗಿದಳು. "ಗೊತ್ತಿಲ್ಲ," ಎಂದಳು. ಒಲೆಯ ಕಡೆ ನೋಡಿ, "ಯಾತಕ್ಕೂ ಇಲ್ಲ ಅಂತ ಕಾಣತೈತಿ. ಹಂಗಂತ ಎದ್ದ ಚಾ ಕಾಸಬಾರದಂತ ಏನಿಲ್ಲಲ್ಲ," ಎಂದಳು. ಎದ್ದಳು. ಎಡಗೈಯಲ್ಲಿ ಒಲೆ ಹಚ್ಚಿದಳು. ಹಾಲು ಉಕ್ಕಿ ಅರ್ಧ ಚೆಲ್ಲಿತು. ಉಳಿದದ್ದನ್ನು ಎರಡು ಕಪ್ಪು ಬಸಿಗಳಿಗೆ ಹಾಕಿದಳು.

ಅಂದಿನಿಂದ ಬಾಗಿಲಲ್ಲಿ ಕುಳಿತು ಎಡಗೈಯಲ್ಲಿ ನನ್ನ ಕಂಡಿಕೆ ಸುತ್ತತೊಡಗಿದಳು. ಕಂಡಿಕೆ ಸುತ್ತುವುದು ಓಣಿಯಲ್ಲಿ ಸಣ್ಣ ಹುಡುಗಿಯರ ಕೆಲಸ. ಹಾದು ಹೋಗುವವರು, "ಏನ ಶಂಕ್ರವ್ವಾ, ಮತ್ತ ಸಾಲಿಗೆ ಒಂದನೇತ್ತಾಕ ಬಂದ್ಯೇನ?" ಎಂದು ನಗುತ್ತಿದ್ದರು. "ಹೌದೋ, ನಿಮ್ಮನ್ನೆಲ್ಲಾ ಬಿಟ್ಟ ಮತ್ತ ಮೊದಲಿಂದ ಕಲ್ಯಾಕತ್ತೇನಿ," ಎನ್ನುತ್ತಿದ್ದಳು. ಫಕ್ಕೀರಪ್ಪನಿಗೆ ಇದು ಗೊತ್ತಾಗಿತ್ತು. ಕಂಡಿಕೆಗೆ ಯಾವ ದೋಷ, ಬಿಡು ಎಂದನಂತೆ.

ಮುಂದಿನ ಮಳೆಗಾಲದಲ್ಲಿ ಗೋವಿಂದಪ್ಪನ ಸಣ್ಣ ಮಗಳಿಗೆ ಜ್ವರ ಬಂತು. ಅವನು ಅವತ್ತೇ ಅವಳನ್ನು ಹೆಗಲ ಮೇಲೆ ಹೊತ್ತು ಮುಸ್ತಾಕನ ಆಟೋ ಹತ್ತಿದ. ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಹುಡುಗಿ ಉಳಿದಳು. ಗೋವಿಂದಪ್ಪ ಗುಡಿಗೆ ಹೋಗಿ ಉಡಿ ತುಂಬಿ, ದೇವಿಯೇ ತನಗೆ ಬುದ್ಧಿ ಕೊಟ್ಟಳು ಎಂದು ಓಣಿಯವರ ಮುಂದೆ ಅತ್ತು ಹೇಳಿದ. ಫಕ್ಕೀರಪ್ಪ ಎಲ್ಲರಿಗೂ ಪೇಡೆ ಹಂಚಿಸಿದ. ಹಂಚುವವರು ಶಂಕ್ರಕ್ಕನ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋದರು.

ನಾನು ಹೋಗಿ ಇದೆಲ್ಲ ಹೇಳಿದೆ. ನನಗೆ ಮೈ ಉರಿಯುತ್ತಿತ್ತು. ಆಕೆ ಕಂಡಿಕೆ ನಿಲ್ಲಿಸದೆ ಕೇಳಿದಳು.

"ರಕ್ತ ತಪಾಸ ಮಾಡಿಸಿದ್ನೇನ?"

"ಮಾಡಿಸಿದಾ."

"ಅವತ್ತ?"

"ಅವತ್ತ."

"ಹೂಂ," ಎಂದಳು. ನಾನು ಇಟ್ಟಿದ್ದ ರೊಟ್ಟಿಯನ್ನು ಎಳೆದುಕೊಂಡು ತಿಂದಳು. ಇನ್ನೊಂದು ಕೇಳಿದಳು, ಅದನ್ನೂ ತಿಂದಳು.

ಗೋವಿಂದಪ್ಪ ತನ್ನ ಮಗ್ಗವನ್ನು ಕೊನೆಗೆ ತಾನೇ ತುಂಬಿಕೊಂಡ. ತಿಂಗಳುಗಟ್ಟಲೆ ಕುಳಿತು ತುಂಬಿದ. ಸರಿಯಾಗಲಿಲ್ಲ. ಅವನ ಮಗ್ಗ ನಾಲ್ಕು ಏಟು ನಡೆಯುತ್ತಿತ್ತು, ನಿಲ್ಲುತ್ತಿತ್ತು. ಹರಿದ ಎಳೆ ಹುಡುಕಿ ಕಟ್ಟುತ್ತಿದ್ದ, ಮತ್ತೆ ನಾಲ್ಕು ಏಟು. ಓಣಿಯಲ್ಲಿ ಉಳಿದ ಮಗ್ಗಗಳ ಸದ್ದಿನ ನಡುವೆ ಅದೊಂದು ಉಗ್ಗುವವನ ಹಾಗೆ ಕೇಳುತ್ತಿತ್ತು.

ಹೋದ ಚಳಿಗಾಲದಲ್ಲಿ ಶಂಕ್ರಕ್ಕನ ಎದೆಯಲ್ಲಿ ನೀರು ತುಂಬಿತು. ದವಾಖಾನೆಯವರು ಮನೆಗೆ ಒಯ್ಯಿರಿ ಎಂದರು. ಸತ್ತ ಮೇಲೆ ಏನು ಮಾಡಬೇಕು ಎಂದು ಹುಲಕೋಟಿಯಿಂದ ಬಂದ ತಮ್ಮನ ಮಗ ಕಿರಣಕುಮಾರ ಕೇಳಿದ್ದಕ್ಕೆ, "ಅದು ನಿಮ್ಮ ಕೆಲಸ, ನನ್ನ ಯಾಕ ಕೇಳ್ತಿ? ನಾ ಇರೂದಿಲ್ಲಲ್ಲ," ಎಂದಳು. ಅವನು ಎಲ್ಲ ಮಾಡಿಸಿದ. ವಿಭೂತಿ ಹಚ್ಚಿಸಿದ, ಭಜನೆ ಹಾಡಿಸಿದ, ಹಣೆಗೆ ನಾಣ್ಯ ಅಂಟಿಸಿದ. ಕೊನೆಗಳಿಗೆಯಲ್ಲಿ ದೇವಿಯ ಹೆಸರು ಹೇಳಿ ಪ್ರಾಣ ಬಿಟ್ಟಳು ಎಂದು ಓಣಿಯಲ್ಲಿ ಈಗ ಹೇಳುತ್ತಾರೆ. ಫಕ್ಕೀರಪ್ಪ ಅದನ್ನು ತನ್ನ ಕಿವಿಯಿಂದಲೇ ಕೇಳಿದೆ ಎನ್ನುತ್ತಾನೆ. ಅವನು ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಆ ಗಳಿಗೆಯಲ್ಲಿ ಇದ್ದವಳು, ಆಕೆಯ ಕೊನೆಯ ಮಾತು ಕೇಳಿದವಳು ನಾನೊಬ್ಬಳೇ. ಅದಕ್ಕಾಗಿ ಇದನ್ನು ಬರೆದಿದ್ದೇನೆ.

ಆಕೆ ಹೋದ ದಿನದ ಮಧ್ಯಾಹ್ನ. ಉಸಿರಾಡಲು ಬಹಳ ಕಷ್ಟವಾಗಿತ್ತು. ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದೆ. ಹೊರಗೆ ಗೋವಿಂದಪ್ಪನ ಮಗ್ಗ ನಡೆದು ನಡೆದು ನಿಲ್ಲುತ್ತಿತ್ತು. ಆಕೆ ಕಣ್ಣು ಮುಚ್ಚಿ ಅದನ್ನೇ ಕೇಳುತ್ತಿದ್ದಳು. ನಿಂತಾಗ ಆಕೆಯ ಉಸಿರೂ ಕಾಯುತ್ತಿತ್ತು. ಒಂದು ಸಲ ಅದು ನಿಂತಿತು, ಬಹಳ ಹೊತ್ತು ಸುರುವಾಗಲಿಲ್ಲ. ಒಳಗಿನಿಂದ ಗೋವಿಂದಪ್ಪ ಯಾರಿಗೋ ಬೈಯುವುದು ಕೇಳಿಸಿತು. ಶಂಕ್ರಕ್ಕ ಕಣ್ಣು ತೆರೆದಳು. ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ತುದಿಯಿಲ್ಲದ ಎರಡು ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದಳು.

"ಭುವನಾ, ಗುಡಿ ಮಾತ ಬ್ಯಾಡ. ಸುಮ್ನ ಹೋಗಿ ಅವನ್ನ ಕೇಳ್ತಿಯೇನ, ನಾ ಬಂದ ಕೆಚ್ಚಿ ಕೊಡ್ಲೇನಂತ?"